ಗಡಸುತನದ ಅನುಮಾಪನ

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳ ಒಟ್ಟು ಪ್ರಮಾಣವನ್ನು ಇಡಿಟಿಎ ದ್ರಾವಣದಿಂದ ಅಳೆಯುವ ಕಾಲೇಜು ಪ್ರಯೋಗ. ಗೆರೋಲ್ಡ್ ಶ್ವಾರ್ಜೆನ್‌ಬಾಕ್ 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ವಿಧಾನವನ್ನು ಬೆಳೆಸಿದರು. ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಬಯಲುಸೀಮೆಯ ಊರಿನ ವಿದ್ಯಾರ್ಥಿಗೆ ಮಾದರಿ ಹುಡುಕುವ ಕಷ್ಟವಿಲ್ಲ. ಮನೆಯ ಬೋರ್‌ವೆಲ್ ನೀರು ಒಂದು ಬಾಟಲಿ ತಂದರಾಯಿತು.

ಪಿಪೆಟ್ಟಿನಲ್ಲಿ 50 ಮಿ.ಲೀ. ನೀರನ್ನು ಕೋನಿಕಲ್ ಫ್ಲಾಸ್ಕಿಗೆ ತೆಗೆದುಕೊಂಡು, ಅಮೋನಿಯಾ ಬಫರಿನಿಂದ ಪಿಎಚ್ ಅನ್ನು 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಬೆರೆಸುತ್ತಾರೆ. ಸೂಚಕವು ಲೋಹದ ಅಯಾನಿನೊಡನೆ ಕೂಡಿ ದ್ರಾಕ್ಷಾರಸದ ಕೆಂಪು ತಾಳುತ್ತದೆ. ಬ್ಯೂರೆಟ್ಟಿನಿಂದ ಇಳಿಯುವ ಇಡಿಟಿಎ ಆ ಅಯಾನುಗಳನ್ನು ಕಿತ್ತುಕೊಂಡಂತೆ ಬಣ್ಣ ನೀಲಿಗೆ ತಿರುಗುತ್ತದೆ. ಕೆಂಪಿನ ಛಾಯೆ ಪೂರ್ತಿ ಹೋದಾಗಲೇ ಅಂತ್ಯಬಿಂದು. ಆತುರದವರು ನೇರಳೆಯಲ್ಲೇ ನಿಲ್ಲಿಸಿ ಕಡಿಮೆ ಅಂಕಿ ಬರೆಯುವುದುಂಟು. ಕೊನೆಯ ಹಂತದಲ್ಲಿ ಹನಿ ಹನಿಯಾಗಿ ಬಿಡಬೇಕು. ನೀರಿನಲ್ಲಿ ಮೆಗ್ನೀಷಿಯಂ ತೀರಾ ಕಡಿಮೆಯಿದ್ದರೆ ಬಣ್ಣದ ತಿರುವು ಮಂಕಾಗುತ್ತದೆ. ಆಗ ಬಫರಿಗೆ ಮೆಗ್ನೀಷಿಯಂ–ಇಡಿಟಿಎ ಸ್ವಲ್ಪ ಸೇರಿಸುತ್ತಾರೆ.

0.01 ಮೋಲಾರ್ ಇಡಿಟಿಎಯ 1 ಮಿ.ಲೀ., 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 18 ಮಿ.ಲೀ. ಖರ್ಚಾದರೆ ಗಡಸುತನ ಲೀಟರಿಗೆ 360 ಮಿ.ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 (2012) ಒಪ್ಪುವ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600. ಅದೇ ನೀರನ್ನು ಕುದಿಸಿ, ಸೋಸಿ ಮತ್ತೆ ಅಳೆದರೆ ಉಳಿದದ್ದು ಶಾಶ್ವತ ಗಡಸುತನ. ಇಳಿದ ಭಾಗ ಹಂಡೆಯ ತಳಕ್ಕೆ ಬಿಳಿ ಪದರವಾಗಿ ಕಟ್ಟುವಂಥದ್ದು. ಬೋರ್‌ವೆಲ್ ನೀರಿನಲ್ಲಿ ಇರಬಹುದಾದ ಫ್ಲೋರೈಡ್ ಈ ಪ್ರಯೋಗಕ್ಕೆ ಸಿಗದು, ಅದಕ್ಕೆ ಬೇರೆ ಪರೀಕ್ಷೆ ಬೇಕು.