ಕಪ್ಪು ಕೋಟಿನ ಬಹಿಷ್ಕಾರ

ಬಹಿಷ್ಕಾರ ಅಂದ್ರೆ ಏನು ಅಂತ ನಮ್ಮ ಕೇರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರಿಲ್ಲ, ಅಂಗಡಿಯಿಲ್ಲ, ಕೂಲಿಯಿಲ್ಲ. 2020ರಲ್ಲಿ ಅದೇ ಬಹಿಷ್ಕಾರ ಕಪ್ಪು ಕೋಟು ತೊಟ್ಟು ಮೈಸೂರಿನ ಕೋರ್ಟಿಗೆ ಬಂತು.

ಜೆಎನ್‌ಯು ವಿದ್ಯಾರ್ಥಿಗಳ ಮೇಲಿನ ಹಲ್ಲೆ ಖಂಡಿಸಿ ಜನವರಿ 8ರಂದು ಮಾನಸಗಂಗೋತ್ರಿಯಲ್ಲಿ ಪ್ರತಿಭಟನೆ ನಡೆಯಿತು. ಅಲ್ಲಿ ‘ಫ್ರೀ ಕಾಶ್ಮೀರ’ ಅನ್ನೋ ಫಲಕ ಹಿಡಿದ ಯುವತಿಯ ಮೇಲೆ ಪೊಲೀಸರು ರಾಜದ್ರೋಹದ ಕೇಸು ಹಾಕಿದರು. ಆಕೆಯ ಪರ ಯಾರೂ ವಕಾಲತ್ತು ಹಾಕಕೂಡದು ಅಂತ ಮೈಸೂರು ವಕೀಲರ ಸಂಘ ನಿರ್ಣಯ ಮಾಡಿತು. ವಿಚಾರಣೆಗೆ ಮೊದಲೇ ತೀರ್ಪು!

ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲೇ, ಮಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ತನ್ನಿಷ್ಟದ ವಕೀಲರನ್ನು ಇಟ್ಟುಕೊಳ್ಳೋ ಹಕ್ಕನ್ನು ಸಂವಿಧಾನದ 22ನೇ ವಿಧಿ ಬಂಧಿತರಿಗೆಲ್ಲ ಕೊಟ್ಟಿದೆ. ಆ ಸಂವಿಧಾನ ರೂಪಿಸಿದ ಬಾಬಾಸಾಹೇಬರೂ ವಕೀಲರೇ. 1926ರಲ್ಲಿ ಪುಣೆಯ ಬ್ರಾಹ್ಮಣೇತರ ಚಳವಳಿಗಾರರ ಮೇಲೆ ಮಾನನಷ್ಟದ ಕೇಸು ಬಿದ್ದಾಗ ಅವರ ಪರ ನಿಂತು ವಾದಿಸಿದವರು.

ಮೈಸೂರಿನಲ್ಲೂ ಆ ಪರಂಪರೆ ಸಾಯಲಿಲ್ಲ. ಬೇರೆ ಊರುಗಳಿಂದ ವಕೀಲರು ಬಂದು ವಕಾಲತ್ತಿಗೆ ಸಹಿ ಹಾಕಿದರು. ಜನವರಿ 27ರಂದು ಜಾಮೀನು ಸಿಕ್ಕಿತು.

ಫಲಕದ ಮಾತನ್ನು ಒಪ್ಪೋದು, ಬಿಡೋದು ಬೇರೆ. ಅಂದು ಆಕೆಗೆ ಮುಚ್ಚಿದ ಬಾಗಿಲು ನಾಳೆ ಸುಳ್ಳು ಕೇಸಿಗೆ ಸಿಕ್ಕಿಬಿದ್ದ ನಮ್ಮ ಕೇರಿಯ ಹುಡುಗನಿಗೂ ಮುಚ್ಚಬಹುದು. ವಕೀಲಿ ಓದುವ ನಮ್ಮ ಮಕ್ಕಳು ಇದನ್ನು ಮರೆಯದಿರಲಿ.