ಭಾನುವಾರ ಮಾತ್ರ ಓಡಿದ ಕಾರು



ನಿಮ್ಮಲ್ಲಿ ಅನೇಕರು ಕೊಳ್ಳುವ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಕಾರೇ. ಅಮೆರಿಕದ ಹಳೇ ಕಾರು ವ್ಯಾಪಾರದಲ್ಲಿ ಸವೆದುಹೋದ ಮಾತೊಂದಿದೆ: "ಇದು ಒಬ್ಬ ಅಜ್ಜಿಯ ಕಾರು, ಭಾನುವಾರ ಚರ್ಚಿಗೆ ಹೋಗೋಕೆ ಮಾತ್ರ ತೆಗೀತಿದ್ರು." ಈ ಅಜ್ಜಿ ಎಲ್ಲಿಂದ ಬಂದರು?

ಅಪನಂಬಿಕೆಯಿಂದ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇದನ್ನೇ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವ ಮೋಸವೂ ಇತ್ತು; ಅದನ್ನು ತಡೆಯುವ ರಾಷ್ಟ್ರಮಟ್ಟದ ಕಾನೂನು ಬಂದದ್ದು 1972ರಲ್ಲಿ. ಅಂಕಿಯನ್ನು ನಂಬದ ಗಿರಾಕಿಗೆ ಒಂದು ಕತೆ ಬೇಕಿತ್ತು. ಹೆಂಗಸರು ಕಡಿಮೆ ಓಡಿಸುತ್ತಾರೆ, ಹೆದರಿ ಓಡಿಸುತ್ತಾರೆ ಎಂಬ ಪೂರ್ವಗ್ರಹವೇ ಗ್ಯಾರಂಟಿ ಆಯಿತು. ಬೆಂಗಳೂರಿನ ಹಳೇ ಕಾರಿನ ಜಾಹೀರಾತಿನಲ್ಲಿ ಕಾಣುವ 'ಲೇಡಿ ಡ್ರಿವನ್' ಕೂಡ ಇದೇ ಅಜ್ಜಿಯ ಮೊಮ್ಮಗಳು. 1964ರಲ್ಲಿ ಜಾನ್ ಮತ್ತು ಡೀನ್ ಜೋಡಿ ಈ ನಂಬಿಕೆಯನ್ನೇ ತಿರುಗಿಸಿ, ಪ್ಯಾಸಡೀನಾದ ಅಜ್ಜಿಯನ್ನು ರೇಸ್ ಹುಚ್ಚಿನವಳನ್ನಾಗಿ ಮಾಡಿ ಹಾಡಿತು. ಜನ ನಕ್ಕರು; ಕತೆ ಮಾತ್ರ ಸಾಯಲಿಲ್ಲ.

ಓಡಿಸಿದವಳು ಹೆಣ್ಣಾದರೆ ಕಾರಿಗೆ ಬೆಲೆ ಹೆಚ್ಚು. ಕೊಳ್ಳುವವಳು ಹೆಣ್ಣಾದರೆ? ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ ಷಿಕಾಗೋದ ಹೊಸ ಕಾರಿನ ಶೋರೂಂಗಳಿಗೆ ಒಂದೇ ರೀತಿ ಚೌಕಾಸಿ ಮಾಡಲು ಕಲಿಸಿದವರನ್ನು ಕಳಿಸಿ, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ಬಿಳಿಯ ಗಂಡಸರಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆಯನ್ನು ಬಿಳಿಯ ಹೆಂಗಸರಿಗೆ ಹೇಳಿದ್ದರು. ಕಪ್ಪು ಜನರಿಗೆ ಇನ್ನೂ ಹೆಚ್ಚು.

ಮುಂದೆ ಹೆಣ್ಣೇ ಕಾರಾದಳು. 2008ರಲ್ಲಿ ಗ್ರೀಸ್‌ನಲ್ಲಿ ಬಿಎಂಡಬ್ಲ್ಯೂ ತನ್ನ ಬಳಸಿದ ಕಾರುಗಳ ಜಾಹೀರಾತಿಗೆ ಯುವತಿಯೊಬ್ಬಳ ಚಿತ್ರ ಹಾಕಿ, ನೀವು ಮೊದಲಿಗರಲ್ಲ ಎಂಬ ದ್ವಂದ್ವಾರ್ಥದ ಮಾತು ಸೇರಿಸಿತು. 2017ರಲ್ಲಿ ಚೀನಾದಲ್ಲಿ ಬಂದ ಆಡಿ ಜಾಹೀರಾತಿನಲ್ಲಿ ಅತ್ತೆಯಾಗುವವಳು ಮದುವೆ ಮಂಟಪಕ್ಕೇ ನುಗ್ಗಿ ವಧುವಿನ ಮೂಗು, ಕಿವಿ, ಹಲ್ಲು ಪರೀಕ್ಷಿಸುತ್ತಾಳೆ. ಜನ ಸಿಟ್ಟಿಗೆದ್ದರು, ಕಂಪನಿ ಕ್ಷಮೆ ಕೇಳಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ನಮ್ಮ ಅಮ್ಮಂದಿರಿಗೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ 1985ರಿಂದ ಡೀಲರ್ ಮಾರುವ ಪ್ರತಿ ಹಳೇ ಕಾರಿನ ಕಿಟಕಿಗೂ ವಾರಂಟಿ ಇದೆಯೋ ಇಲ್ಲವೋ ತಿಳಿಸುವ ಚೀಟಿ ಅಂಟಿಸಬೇಕು. ಅದನ್ನು ಓದಿ. ಯಾರು ಓಡಿಸಿದರು ಎಂದಲ್ಲ, ಏನೇನು ರಿಪೇರಿ ಆಗಿದೆ ಎಂದು ಕೇಳಿ. ತಂಗಿಗೆ ಕಾರು ಕೊಡಿಸಲು ಜೊತೆಗೆ ಹೋದರೆ, ಸೇಲ್ಸ್‌ಮನ್ ಬೆಲೆಯನ್ನು ಯಾರ ಮುಖ ನೋಡಿ ಹೇಳುತ್ತಾನೆ, ಗಮನಿಸಿ. ನಿಮ್ಮ ಮುಖ ನೋಡಿದರೆ, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಿ.