ನಾಲ್ಕು ಗಟ್ಟಿ ಹಲ್ಲುಗಳ ಜಗಳ

ಹಲ್ಲಿಗೆ ಕ್ಲಿಪ್ ಹಾಕಿಸುವುದು ಎಂದು ನಾವು ಹೇಳುವ ಕೆಲಸಕ್ಕೆ ಹತ್ತಿರ ಹತ್ತಿರ ಮುನ್ನೂರು ವರ್ಷದ ಇತಿಹಾಸವಿದೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೊಶಾರ್ ಬರೆದ ಪುಸ್ತಕದಲ್ಲಿ, ತೂತು ಕೊರೆದ ಲೋಹದ ಪಟ್ಟಿಯೊಂದನ್ನು ಹಲ್ಲಿನ ಸಾಲಿಗೆ ದಾರದಿಂದ ಬಿಗಿಯುವ ಉಪಾಯವಿದೆ. ಇಂದಿನ ಕ್ಲಿಪ್ಪಿನ ಮುತ್ತಜ್ಜಿ ಅದು. ಆದರೆ ನನ್ನನ್ನು ಈ ಇತಿಹಾಸಕ್ಕೆ ಎಳೆದದ್ದು ಆ ಪಟ್ಟಿಯಲ್ಲ, ಒಂದು ಜಗಳ. ಸೊಟ್ಟ ಹಲ್ಲುಗಳಿಗೆ ಜಾಗ ಮಾಡಿಕೊಡಲು ಚೆನ್ನಾಗಿರುವ ಹಲ್ಲನ್ನು ಕೀಳಬಹುದೇ, ಬಾರದೇ? ನೂರು ವರ್ಷಕ್ಕೂ ಮಿಕ್ಕಿ ಡಾಕ್ಟರುಗಳು ಇದಕ್ಕಾಗಿ ವಾದ ಮಾಡಿದ್ದಾರೆ. ವಾದ ಅವರದು, ಬಾಯಿ ಮಾತ್ರ ಮಕ್ಕಳದು.

ಕೀಳಲೇಬಾರದು ಎಂದವರಲ್ಲಿ ಮುಖ್ಯನಾದವನು ಅಮೆರಿಕದ ಎಡ್ವರ್ಡ್ ಆಂಗಲ್. ಆರು ವರ್ಷಕ್ಕೆ ಬರುವ ದವಡೆ ಹಲ್ಲು ಮೇಲೆ ಕೆಳಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಹಿಡಿದು 1899ರಲ್ಲಿ ಅವನು ವಕ್ರದಂತಗಳನ್ನು ಮೂರು ವರ್ಗ ಮಾಡಿದ. ಡಾಕ್ಟರುಗಳು ಇವತ್ತಿಗೂ ಮಗುವಿನ ಚೀಟಿಯಲ್ಲಿ ಬರೆಯುವುದು ಆ ವರ್ಗವನ್ನೇ. 1900ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಇದಕ್ಕೆಂದೇ ಶಾಲೆಯನ್ನೂ ತೆರೆದ. ದೇವರು ಕೊಟ್ಟ ಅಷ್ಟೂ ಹಲ್ಲು ಬಾಯಲ್ಲಿ ಹಿಡಿಯಲೇಬೇಕು, ಹಿಡಿಯುವಂತೆ ಮಾಡುವುದೇ ವೈದ್ಯನ ಕೆಲಸ ಎಂಬುದು ಅವನ ಹಟ.

ಸರಿ, ಹಲ್ಲು ಸಾಲಾಗಿ ನಿಂತರೆ ಮುಖ ಹೇಗಿರಬೇಕು? ಇದಕ್ಕೂ ಅವನ ಬಳಿ ಮಾದರಿಯೊಂದಿತ್ತು. ಗ್ರೀಕ್ ದೇವತೆ ಅಪೊಲೊನ ಹಳೆಯ ಅಮೃತಶಿಲೆಯ ವಿಗ್ರಹ. ಹೆಣ್ಣುಮಕ್ಕಳ ಬಾಯಿಗೂ ಅಳತೆಗೋಲು ಒಬ್ಬ ಗಂಡು ದೇವರು, ನೋಡಿ! ಆಮೇಲೆ ಆಂಗಲ್‌ನಿಗೇ ಅನುಮಾನ ಬಂದು ಎಡ್ಮಂಡ್ ವುರ್ಪೆಲ್ ಎಂಬ ಚಿತ್ರಕಲೆಯ ಗುರುವನ್ನು ಕೇಳಿದನಂತೆ. ಮನುಷ್ಯರ ಮುಖಗಳು ಇಷ್ಟು ಬಗೆಯಾಗಿರುವಾಗ ಒಂದೇ ಆದರ್ಶ ಹೇಳಲು ಸಾಧ್ಯವೇ ಇಲ್ಲ ಎಂದ ಆ ಕಲಾವಿದ. ಈ ಇಡೀ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದು. ಆಂಗಲ್ ಮಾತ್ರ, ಹಲ್ಲು ಸರಿಹೋದರೆ ಮುಖ ತಾನಾಗಿ ಸರಿಹೋಗುತ್ತದೆ ಎಂದು ತನ್ನ ದಾರಿ ಹಿಡಿದ.

ಹಾಗೆ ಸರಿಹೋಗಲಿಲ್ಲ. 1930ರಲ್ಲಿ ಆಂಗಲ್ ತೀರಿಕೊಂಡ. ಅವನ ಮೆಚ್ಚಿನ ಶಿಷ್ಯ ಚಾರ್ಲ್ಸ್ ಟ್ವೀಡ್ ಅರಿಜೋನಾದಲ್ಲಿ ತಾನು ಚಿಕಿತ್ಸೆ ಕೊಟ್ಟ ಮಕ್ಕಳನ್ನು ಮತ್ತೆ ನೋಡಿದಾಗ, ಅನೇಕರ ತುಟಿಗಳು ಉಬ್ಬಿಕೊಂಡಿದ್ದವು, ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು. ಗುರುವಿನ ಮಾತು ಮೀರಿ, ಆ ಮಕ್ಕಳನ್ನೇ ಕರೆಸಿ, ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲು ತೆಗೆದು ಎರಡನೆಯ ಸಲ ಚಿಕಿತ್ಸೆ ಮಾಡಿದ, ಶುಲ್ಕವಿಲ್ಲದೆ. 1940ರಲ್ಲಿ ಅಂಥ ನೂರು ಮಕ್ಕಳ ಅಚ್ಚುಗಳನ್ನು, ಮೊದಲ ಚಿಕಿತ್ಸೆಯದೂ ಎರಡನೆಯದೂ, ಎಲ್ಲರೆದುರು ಸಾಲಾಗಿ ಇಟ್ಟ. ಆಂಗಲ್‌ನ ಇನ್ನೊಬ್ಬ ಶಿಷ್ಯ ರೇಮಂಡ್ ಬೆಗ್ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದ. ಅಲ್ಲಿನ ಮೂಲನಿವಾಸಿಗಳ ಹಲ್ಲು ಒರಟು ಆಹಾರ ಜಗಿದು ಮೇಲೂ ಬದಿಯಲ್ಲೂ ಸವೆದು, ಸಾಲು ತಾನಾಗಿ ಕಿರಿದಾಗುವುದನ್ನು ಅವನು ಕಂಡ. ನಮ್ಮ ಮೆತ್ತನೆಯ ಊಟದಲ್ಲಿ ಸವೆತವಿಲ್ಲ, ಅದಕ್ಕೇ ನಾಲ್ಕು ಹಲ್ಲು ತೆಗೆದರೆ ತಪ್ಪಿಲ್ಲ ಎಂಬುದು ಅವನ ತರ್ಕ. ಆ ತರ್ಕವನ್ನು ಎಲ್ಲರೂ ಒಪ್ಪಲಿಲ್ಲವೆನ್ನಿ.

ಅಡಿಲೇಡಿನ ಆ ತರ್ಕ ನಮ್ಮ ಮನೆಯ ನಡುಮನೆಗೂ ಬಂತು. ಬೆಗ್‌ನ ಸಪೂರ ತಂತಿಯ ಪದ್ಧತಿ ನಮ್ಮ ದೇಶದ ದಂತ ಕಾಲೇಜುಗಳಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. 1988ರಲ್ಲಿ ನನ್ನ ಅಕ್ಕನ ಮಗಳಿಗೆ ಹದಿಮೂರು ವರ್ಷ. ಉಬ್ಬು ಹಲ್ಲು, ತುಟಿ ಮುಚ್ಚುತ್ತಿರಲಿಲ್ಲ. ಡಾಕ್ಟರು ಮೇಲೆ ಎರಡು, ಕೆಳಗೆ ಎರಡು ಕೀಳಬೇಕು ಎಂದರು. ನಮ್ಮಮ್ಮ ಕೇಳಿದ್ದು ಆಂಗಲ್‌ನ ಪ್ರಶ್ನೆಯನ್ನೇ: "ಹುಳುಕು ಹಲ್ಲು ಕೀಳ್ತಾರೆ, ಸರಿ. ಕಲ್ಲಿನಂಥ ಹಲ್ಲನ್ನ ಯಾರಾದ್ರೂ ದುಡ್ಡು ಕೊಟ್ಟು ಕೀಳಿಸ್ತಾರೇನೇ?" ಅಕ್ಕ ಉತ್ತರ ಹೇಳಲಿಲ್ಲ. ಹೇಳದಿದ್ದರೂ ಉತ್ತರ ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ಅಪೊಲೊ ಇರಲಿಲ್ಲ, ಹೆಣ್ಣು ನೋಡಲು ಬರುವವರು ಇದ್ದರು. ಕೇಸರಿಬಾತು ಉಪ್ಪಿಟ್ಟು ತಿನ್ನುತ್ತಲೇ ಹುಡುಗಿ ಯಾವಾಗ ನಗುತ್ತಾಳೆ ಎಂದು ಕಾಯುವ ಆ ಕಣ್ಣುಗಳಿಗಾಗಿಯೇ ಎಷ್ಟೋ ತಾಯಂದಿರು ಚೀಟಿ ಹಣ ಎತ್ತಿದರು. ಅದೇ ಮನೆಯ ಗಂಡು ಹುಡುಗನ ಉಬ್ಬು ಹಲ್ಲಿಗೆ ಅವಸರವಿರಲಿಲ್ಲ. ಹುಡುಗಿಯನ್ನು ಕೇಳಿದ್ದರೆ, ಶಾಲೆಯಲ್ಲಿ ಇಟ್ಟ ಅಡ್ಡಹೆಸರು ಹೋದರೆ ಸಾಕು ಎನ್ನುತ್ತಿದ್ದಳೇನೋ. ನಾಲ್ಕೂ ಕಿತ್ತರು. ಎರಡು ವರ್ಷ ತಂತಿ ಬಿಗಿದರು. ಬಿಗಿದ ಮರುದಿನ ಅವಳಿಗೆ ಗಂಜಿಯೇ ಗತಿ.

ತಂತಿ ಬಿಗಿದಾಗ ಹಲ್ಲು ಸರಿಯುವ ಬಗೆಯನ್ನು 1904ರಷ್ಟು ಹಿಂದೆಯೇ ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಗಳ ಮೇಲಿನ ಪ್ರಯೋಗದಲ್ಲಿ ಹುಡುಕಿದ್ದ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ, ನಡುವೆ ನಾರಿನ ತೆಳುಪದರವಿದೆ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ತುಂಬುತ್ತದೆ. ಹೀಗೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಪಯಣ. ಅವಸರ ಮಾಡುವಂತಿಲ್ಲ.

ಅವಳು ಹತ್ತು ವರ್ಷ ತಡವಾಗಿ ಹುಟ್ಟಿ, ಬೇರೆ ಊರಿನಲ್ಲಿದ್ದಿದ್ದರೆ? ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಿಕಿತ್ಸಾಲಯದ ಲೆಕ್ಕ 1994ರಲ್ಲಿ ಪ್ರಕಟವಾಯಿತು. ಹಲ್ಲು ಕೀಳಿಸಿಕೊಂಡವರು 1953ರಲ್ಲಿ ನೂರಕ್ಕೆ 30, 1968ರಲ್ಲಿ 76, 1993ರಲ್ಲಿ ಮತ್ತೆ 28. ಆ ನಲವತ್ತು ವರ್ಷಗಳಲ್ಲಿ ಮಕ್ಕಳ ದವಡೆಗಳು ಹಿಗ್ಗಿ ಕುಗ್ಗಿದ್ದವೇ? ಇಲ್ಲ, ಬದಲಾದದ್ದು ಡಾಕ್ಟರುಗಳ ನಂಬಿಕೆ ಮತ್ತು ಉಪಕರಣ. ಈಗ ಬಾಯಿ ನೋಡಿ, ಎಕ್ಸ್‌ರೇ ನೋಡಿ, ಮುಖ ನೋಡಿ ಒಬ್ಬೊಬ್ಬರಿಗೆ ಒಂದೊಂದು ತೀರ್ಮಾನ. ಕೆಲವರಿಗೆ ಕೀಳುವುದೇ ಸರಿ, ಕೆಲವರಿಗೆ ಬೇಡ. ಯಾಕೆ ಕೀಳಬೇಕು ಎಂದು ಕೇಳುವ ಅಜ್ಜಿಯೊಬ್ಬಳು ಮಗುವಿನ ಜೊತೆ ಹೋದರೆ ಒಳ್ಳೆಯದೇ.

ತಂತಿಯ ಕತೆ ಬೇರೆ. ಚಿನ್ನ ಹೋಗಿ ಸ್ಟೀಲ್ ಬಂತು. 1955ರಲ್ಲಿ ಬುವೊನೊಕೋರ್ ಎಂಬಾತ ಹಲ್ಲಿನ ಮೇಲ್ಮೈಗೆ ಆಮ್ಲ ಸವರಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದ ಮೇಲೆ, ಪ್ರತಿ ಹಲ್ಲಿಗೂ ಉಂಗುರ ತೊಡಿಸುವ ಕಾಟ ಕ್ರಮೇಣ ತಪ್ಪಿತು. ಈಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕವಚಗಳೂ ಇವೆ.

ಇಷ್ಟೆಲ್ಲ ಆದರೂ ಹಲ್ಲಿಗೆ ತನ್ನ ಹಳೆಯ ಮನೆಯ ನೆನಪು ಹೋಗುವುದಿಲ್ಲ. 1981ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು, ನಾಲ್ಕು ಹಲ್ಲು ಕೀಳಿಸಿಕೊಂಡು ಚಿಕಿತ್ಸೆ ಪಡೆದ 65 ಜನರನ್ನು, ರಿಟೈನರ್ ಬಿಟ್ಟು ಹತ್ತು ವರ್ಷವಾದ ಮೇಲೆ ಪರೀಕ್ಷಿಸಿದರು. ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂಬದಿ ಹಲ್ಲುಗಳು ಮತ್ತೆ ಒತ್ತಿಕೊಂಡಿದ್ದವು. ಅಂದರೆ ಕೀಳದೆ ಮಾಡಿದ ಚಿಕಿತ್ಸೆಯೂ ನಿಲ್ಲಲಿಲ್ಲ, ಕಿತ್ತು ಮಾಡಿದ್ದೂ ಪೂರ್ತಿ ನಿಲ್ಲಲಿಲ್ಲ. ಹಾಗಾಗಿಯೇ ಡಾಕ್ಟರುಗಳು ಈಗ ರಾತ್ರಿ ಹೊತ್ತು ವರ್ಷಗಟ್ಟಲೆ ರಿಟೈನರ್ ಹಾಕಿಕೊಳ್ಳಿ ಎನ್ನುವುದು. ಕ್ಲಿಪ್ ಬಿಚ್ಚಿದ ದಿನ ಸಿಹಿ ಹಂಚುವ ತಾಯಂದಿರಿಗೆ ಈ ಕಡೆಯ ಅಧ್ಯಾಯದ ಮೇಲೆ ಗಮನವೇ ಇರುವುದಿಲ್ಲ. ಸೋಪಿನ ಡಬ್ಬಿಯಂಥ ಪುಟ್ಟ ಡಬ್ಬಿಯಲ್ಲಿ ಇಡಬೇಕಾದ ಆ ರಿಟೈನರ್, ಮದುವೆ ಮನೆಯ ಊಟದ ಹೊತ್ತಿಗೆ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟದ್ದು, ಎಂಜಲೆಲೆಯ ಜೊತೆ ಹೋಗಿಬಿಟ್ಟಿರುತ್ತದೆ.